ಗೆದ್ದೆತ್ತಿನ ಬಾಲ ಹಿಡಿಯುವ ಮುಂಚೆ: ಫಿಫಾ ಪ್ರಶಸ್ತಿಯ ಮತದಾರರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಫಿಫಾ 'ದಿ ಬೆಸ್ಟ್' ಪ್ರಶಸ್ತಿಗೆ ಮತ ಹಾಕುವ ರಾಷ್ಟ್ರೀಯ ತಂಡಗಳ ನಾಯಕರು, ಕೋಚ್‌ಗಳು, ದೇಶಕ್ಕೊಬ್ಬರಂತೆ ಮತ ಹಾಕುವ ಪತ್ರಕರ್ತರು, ಮೊಬೈಲಿನಲ್ಲಿ ಮತ ಒತ್ತುವ ನಮ್ಮಂಥ ಅಭಿಮಾನಿಗಳು.

ವಿಷಯ: ವರ್ಷದ ಶ್ರೇಷ್ಠ ಕೋಚ್ ಆಯ್ಕೆಯಲ್ಲಿ ಕ್ಲಬ್ಬಿನ ದುಡ್ಡನ್ನೂ ಲೆಕ್ಕಕ್ಕೆ ಹಿಡಿಯುವ ಕುರಿತು.

ಮಾನ್ಯರೇ,

ಪ್ರಶಸ್ತಿಯ ಕಾಲ ಬಂದಾಗ ನಿಮ್ಮ ಮುಂದೆ ಕೋಚ್‌ಗಳ ಹೆಸರಿನ ಪಟ್ಟಿಯೊಂದು ಬರುತ್ತದೆ. ಮೂವರನ್ನು ಆರಿಸಿ ಮೊದಲನೆಯವರಿಗೆ 5, ಎರಡನೆಯವರಿಗೆ 3, ಮೂರನೆಯವರಿಗೆ 1 ಅಂಕ ಕೊಡುತ್ತೀರಿ. ನಾಯಕರು, ಕೋಚ್‌ಗಳು, ಪತ್ರಕರ್ತರು, ಅಭಿಮಾನಿಗಳು ಎಂಬ ನಾಲ್ಕು ಗುಂಪಿಗೂ ತಲಾ ಶೇ 25ರಷ್ಟು ತೂಕ. ಭಾರತದ ನಾಯಕನ ಮತಕ್ಕೂ ಬ್ರೆಜಿಲ್ ನಾಯಕನ ಮತಕ್ಕೂ ಬೆಲೆ ಒಂದೇ. ಮಧ್ಯರಾತ್ರಿ ದಾಟಿದ ಮೇಲೆ ಶುರುವಾಗುವ, ಯೂರೋಪಿನ ದೊಡ್ಡ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಪಂದ್ಯ ನೋಡಿ, ಬೆಳಿಗ್ಗೆ ಕಣ್ಣುಜ್ಜುತ್ತಾ ಕೆಲಸಕ್ಕೆ ಹೋಗುವ ಬೆಂಗಳೂರಿನ ಗೌತಮಪುರದ ಹುಡುಗನೂ ಇಲ್ಲಿ ಮತದಾರನೇ. ಇಷ್ಟು ನ್ಯಾಯವಾಗಿ ಕಟ್ಟಿದ ಪದ್ಧತಿಯಲ್ಲಿ ಒಂದು ಕಾಲಂ ಮಾತ್ರ ಬಿಟ್ಟುಹೋಗಿದೆ. ಪಟ್ಟಿಯಲ್ಲಿರುವ ಕೋಚ್ ಕೈಗೆ ಎಷ್ಟು ದುಡ್ಡಿನ ತಂಡ ಸಿಕ್ಕಿತ್ತು ಎಂದು ಅದು ಹೇಳುವುದಿಲ್ಲ. ಈ ಪತ್ರ ಆ ಒಂದು ಕಾಲಂಗಾಗಿ.

ವಿನ್ಸೆಂಟ್ ಕಂಪನಿ ಎಂಬ ಕೋಚ್ ಅವರ ಮೂರು ವರ್ಷ ನೋಡಿ. 2022–23ರಲ್ಲಿ ಅವರ ಬರ್ನ್ಲಿ ತಂಡ ಇಂಗ್ಲೆಂಡಿನ ಎರಡನೇ ದರ್ಜೆಯ ಲೀಗನ್ನು 101 ಅಂಕಗಳೊಂದಿಗೆ ಗೆದ್ದಿತು. ಮರುವರ್ಷ ಮೊದಲ ದರ್ಜೆಯ ಪ್ರೀಮಿಯರ್ ಲೀಗಿನಲ್ಲಿ ಅದೇ ತಂಡ 38 ಪಂದ್ಯಗಳಿಂದ 24 ಅಂಕ ಗಳಿಸಿ, 78 ಗೋಲು ಹೊಡೆಸಿಕೊಂಡು, 19ನೇ ಸ್ಥಾನದಲ್ಲಿ ಮುಗಿಸಿ ಮತ್ತೆ ಕೆಳಗಿಳಿಯಿತು. ಇಳಿದ ಬೆನ್ನಿಗೇ ಜರ್ಮನಿಯ ಸಾಹುಕಾರ ಕ್ಲಬ್ ಬಯರ್ನ್ ಮ್ಯೂನಿಕ್ ಅವರನ್ನು ಕರೆಸಿಕೊಂಡಿತು. 2024–25ರಲ್ಲಿ ಅವರು 82 ಅಂಕಗಳೊಂದಿಗೆ ಅಲ್ಲಿನ ಲೀಗ್ ಬುಂಡೆಸ್‌ಲೀಗಾದ ಚಾಂಪಿಯನ್. ಮೂರೂ ಕಡೆ ಅವರು ಆಡಿಸಿದ್ದು ಹೆಚ್ಚುಕಡಿಮೆ ಒಂದೇ ಆಟ: ಗೋಲ್‌ಕೀಪರನಿಂದಲೇ ಚಿಕ್ಕ ಪಾಸುಗಳಲ್ಲಿ ಚೆಂಡು ಎಬ್ಬಿಸುವುದು, ರಕ್ಷಣೆಯ ಸಾಲನ್ನು ಮೇಲಕ್ಕೆ ತಂದು ನಿಲ್ಲಿಸುವುದು. ಬರ್ನ್ಲಿಯ ಹುಡುಗರು ತಮ್ಮದೇ ಪೆನಾಲ್ಟಿ ಬಾಕ್ಸಿನ ಮುಂದೆ ಚೆಂಡು ಕಳೆದುಕೊಂಡರೆ ಅದು ಗೋಲು. ಬಯರ್ನ್ ಆಟಗಾರರು ಅದೇ ಒತ್ತಡದಲ್ಲಿ ಚೆಂಡು ಕಳೆದುಕೊಳ್ಳುವುದೇ ಅಪರೂಪ, ಕಳೆದುಕೊಂಡರೂ ಎದುರಿನ ತುದಿಯಲ್ಲಿ ಹ್ಯಾರಿ ಕೇನ್ ಸಾಲ ತೀರಿಸುತ್ತಾರೆ. ಒಂದು ವರ್ಷದೊಳಗೆ ಈ ಕೋಚ್ ಅವರ ತಲೆ ಬದಲಾಗಲಿಲ್ಲ, ತಂಡದ ಸಂಬಳದ ಬಾಬ್ತು ಬದಲಾಯಿತು.

ಹಾಗಾದರೆ ದೊಡ್ಡ ಕೋಚ್‌ಗಳೆಲ್ಲ ದುಡ್ಡಿನ ಬೊಂಬೆಗಳೇ? ಖಂಡಿತ ಅಲ್ಲ, ಅದಕ್ಕೆ ಮುಂದೆ ಬರುತ್ತೇನೆ. ಮೊದಲು ನೀವು ಈವರೆಗೆ ಕೊಟ್ಟ ಪ್ರಶಸ್ತಿಗಳನ್ನು ಸಾಲಾಗಿ ಇಟ್ಟು ನೋಡೋಣ. 2016ರಿಂದ: ರಾನಿಯೇರಿ, ಜಿದಾನ್, ದೆಶಾಂ, ಕ್ಲಾಪ್, ಮತ್ತೆ ಕ್ಲಾಪ್, ಟುಖೆಲ್, ಸ್ಕಲೋನಿ, ಗ್ವಾರ್ಡಿಯೋಲಾ, ಆಂಚೆಲೊಟ್ಟಿ, ಲೂಯಿಸ್ ಎನ್ರಿಕೆ. ದೆಶಾಂ, ಸ್ಕಲೋನಿ ಇಬ್ಬರೂ ವಿಶ್ವಕಪ್ ಗೆದ್ದ ರಾಷ್ಟ್ರೀಯ ತಂಡದವರು, ಅಲ್ಲಿ ಆಟಗಾರನನ್ನು ಕೊಳ್ಳುವ ಮಾತಿಲ್ಲ. ಉಳಿದ ಎಂಟರಲ್ಲಿ ಏಳು ಹೋಗಿದ್ದು ರಿಯಲ್ ಮ್ಯಾಡ್ರಿಡ್, ಲಿವರ್‌ಪೂಲ್, ಚೆಲ್ಸಿ, ಮ್ಯಾಂಚೆಸ್ಟರ್ ಸಿಟಿ, ಪ್ಯಾರಿಸಿನ ಪಿಎಸ್‌ಜಿಗೆ. ಒಂದೇ ಒಂದು, 2016ರಲ್ಲಿ ಪ್ರೀಮಿಯರ್ ಲೀಗ್ ಗೆದ್ದ ಸಣ್ಣ ಕ್ಲಬ್ ಲೆಸ್ಟರ್‌ಗೆ. ಆ ಒಂದರ ಕತೆಯೂ ಮಜವಾಗಿದೆ. 2017ರ ಜನವರಿ 9ರಂದು ರಾನಿಯೇರಿ ವೇದಿಕೆ ಹತ್ತಿ ನಿಮ್ಮ ಪ್ರಶಸ್ತಿ ಪಡೆದರು, ಫೆಬ್ರುವರಿ 23ರಂದು ಲೆಸ್ಟರ್ ಅವರನ್ನು ಮನೆಗೆ ಕಳಿಸಿತು. 45 ದಿನ. ಆಗ ತಂಡ 17ನೇ ಸ್ಥಾನದಲ್ಲಿತ್ತು, ಕೆಳದರ್ಜೆಗೆ ಇಳಿಯುವ ಗೆರೆಗಿಂತ ಒಂದೇ ಅಂಕ ಮೇಲೆ.

ಲೆಸ್ಟರ್ ಕುಸಿದದ್ದಕ್ಕೆ ಕಾರಣ ಹಲವು, ದೊಡ್ಡದು ಒಂದು: ಎನ್ಗೊಲೊ ಕಾಂಟೆ. ಫ್ರಾನ್ಸಿನ ಕಾಂ ಕ್ಲಬ್ಬಿನಿಂದ ಸುಮಾರು 56 ಲಕ್ಷ ಪೌಂಡಿಗೆ ತಂದಿದ್ದ ಆ ಪುಟ್ಟ ಮಿಡ್‌ಫೀಲ್ಡರ್, ಲೀಗ್ ಗೆದ್ದ 2016ರ ಬೇಸಿಗೆಯಲ್ಲೇ ಚೆಲ್ಸಿಗೆ ಹೋದರು. ಮರುವರ್ಷ ಚೆಲ್ಸಿ ಚಾಂಪಿಯನ್, ಲೆಸ್ಟರ್ 12ನೇ ಸ್ಥಾನ. ಬಡ ಕ್ಲಬ್ಬಿನ ಕೋಚ್ ಗೆದ್ದರೆ ಅವನ ಬಹುಮಾನ ಇದು: ಅವನ ಆಟಗಾರರನ್ನು ಸಾಹುಕಾರರು ಬಂದು ಒಯ್ಯುತ್ತಾರೆ. ಸಾಹುಕಾರ ಕ್ಲಬ್ಬಿನ ಕೋಚ್ ಗೆದ್ದರೆ ಇನ್ನಿಬ್ಬರನ್ನು ಕೊಡಿಸುತ್ತಾರೆ.

ದುಡ್ಡು ಅಂದಾಗ ಎಲ್ಲರ ಬಾಯಲ್ಲೂ ಬರುವುದು ವರ್ಗಾವಣೆ ಶುಲ್ಕ, ಅಂದರೆ ಬೇರೆ ಕ್ಲಬ್ಬಿನಿಂದ ಆಟಗಾರನನ್ನು ಕೊಳ್ಳಲು ಕೊಡುವ ಬೆಲೆ. ಪತ್ರಿಕೆಯ ತಲೆಬರಹವೂ ಅದೇ. ಆದರೆ ಲೀಗಿನಲ್ಲಿ ಯಾರು ಎಲ್ಲಿ ಮುಗಿಸುತ್ತಾರೆ ಎಂಬುದಕ್ಕೆ ಹತ್ತಿರವಾಗಿರುವುದು ಸಂಬಳ. ಅರ್ಥಶಾಸ್ತ್ರಜ್ಞ ಸ್ಟೀಫನ್ ಶಿಮಾನ್ಸ್ಕಿ ಇಂಗ್ಲೆಂಡಿನ 40 ಕ್ಲಬ್‌ಗಳ 1978ರಿಂದ 1997ರವರೆಗಿನ ಲೆಕ್ಕ ತೆಗೆದರು. ಆ ಇಪ್ಪತ್ತು ವರ್ಷಗಳ ಸರಾಸರಿಯಲ್ಲಿ, ಲೀಗಿನ ಸ್ಥಾನಗಳಲ್ಲಿ ಕಂಡ ವ್ಯತ್ಯಾಸದ ಶೇ 92ರಷ್ಟನ್ನು ಸಂಬಳವೊಂದೇ ವಿವರಿಸುತ್ತಿತ್ತು. ವರ್ಗಾವಣೆಯ ಖರ್ಚು ವಿವರಿಸಿದ್ದು ಶೇ 16ರಷ್ಟನ್ನು ಮಾತ್ರ. ಕಾರಣ ಸರಳ. ಒಬ್ಬ ಆಟಗಾರನಿಗೆ ಕೊಟ್ಟ ಶುಲ್ಕ ಒಂದು ದಿನದ ಜೂಜು, ಸರಿಯೋ ತಪ್ಪೋ ಆ ದಿನ ಗೊತ್ತಾಗುವುದಿಲ್ಲ. ಸಂಬಳ ಹಾಗಲ್ಲ. ಒಪ್ಪಂದ ಮುಗಿಯುತ್ತ ಬಂದಂತೆ ಮಾರುಕಟ್ಟೆ ಅವನನ್ನು ಮತ್ತೆ ಮತ್ತೆ ತೂಗುತ್ತದೆ. ಚೆನ್ನಾಗಿ ಆಡಿದವನ ಸಂಬಳ ಏರುತ್ತದೆ, ಇಲ್ಲವೇ ಏರಿಸುವ ಕ್ಲಬ್ಬಿಗೆ ಅವನು ಹೋಗುತ್ತಾನೆ. ಶುಲ್ಕವೇ ಇಲ್ಲದೆ ಬಂದ ಆಟಗಾರನೂ ಸಂಬಳದ ಪಟ್ಟಿಯಲ್ಲಿ ಸಿಕ್ಕಿಬೀಳುತ್ತಾನೆ. 2024ರಲ್ಲಿ ಎಂಬಾಪೆ ರಿಯಲ್ ಮ್ಯಾಡ್ರಿಡ್‌ಗೆ ಬಂದದ್ದು 'ಉಚಿತ'ವಾಗಿ. ಆ ಪದವನ್ನು ನಂಬಿದವರು ಅವರ ಸಂಬಳ ಕೇಳಲಿ.

ಆದರೆ ಶೇ 92 ಎಂಬುದು ದೀರ್ಘಕಾಲದ ಸರಾಸರಿ. ಒಂದೇ ಸೀಸನ್ ತೆಗೆದುಕೊಂಡರೆ ಸಂಬಂಧ ಅಷ್ಟು ಬಿಗಿಯಾಗಿರುವುದಿಲ್ಲ. ಗಾಯ, ಕಂಬಕ್ಕೆ ಬಡಿದ ಚೆಂಡು, ರೆಫರಿಯ ಶಿಳ್ಳೆ, ಎಲ್ಲಕ್ಕೂ ಅಲ್ಲಿ ಪಾಲಿದೆ. ಕೋಚ್‌ನ ಪಾಲು ಇರುವುದೂ ಆ ಸಡಿಲದಲ್ಲೇ. ನೀವು ಹುಡುಕಬೇಕಾದ ಜಾಗ ಅದು.

ಒಂದು ಸೀಸನ್ ಹತ್ತಿರದಿಂದ ನೋಡೋಣ: 2017–18ರ ಪ್ರೀಮಿಯರ್ ಲೀಗ್. ಮ್ಯಾಂಚೆಸ್ಟರ್ ಸಿಟಿಯ ಸಂಬಳದ ಬಾಬ್ತು ಸುಮಾರು 26 ಕೋಟಿ ಪೌಂಡ್. ಅಲ್ಲಿಂದ ಒಂದು ಗಂಟೆಯ ದಾರಿಯಲ್ಲಿರುವ ಬರ್ನ್ಲಿಯದು ಸುಮಾರು 8.2 ಕೋಟಿ.

ಅದರ ಹಿಂದಿನ ವರ್ಷ ಗ್ವಾರ್ಡಿಯೋಲಾ ಸಿಟಿಯಲ್ಲಿ ಮೊದಲ ಸೀಸನ್ ಮುಗಿಸಿದ್ದರು. ಮೂರನೇ ಸ್ಥಾನ, ಒಂದೂ ಪ್ರಶಸ್ತಿ ಇಲ್ಲ. ತೊಂದರೆ ಎಲ್ಲಿತ್ತೆಂದರೆ ಎರಡು ಅಂಚುಗಳಲ್ಲಿ. ಜಬಲೆಟಾ, ಸಾನ್ಯಾ, ಕ್ಲಿಷಿ, ಕೊಲಾರೊವ್ ನಾಲ್ವರೂ ಮೂವತ್ತು ದಾಟಿದ ಫುಲ್‌ಬ್ಯಾಕ್‌ಗಳು, ಅಂದರೆ ಅಂಚು ಕಾಯುವ ರಕ್ಷಣಾ ಆಟಗಾರರು. ಗ್ವಾರ್ಡಿಯೋಲಾ ಆಟಕ್ಕೆ ಅಂಚಿನವನು ಇಡೀ ಮೈದಾನ ಓಡಿ ಹಿಂದಕ್ಕೂ ಬರಬೇಕು. ಇನ್ನೊಂದು ತೊಂದರೆ ಗೋಲಿನಲ್ಲಿ. ಜೋ ಹಾರ್ಟ್ ಅವರನ್ನು ಕಳಿಸಿ ಬಾರ್ಸಿಲೋನಾದಿಂದ ತಂದ ಕ್ಲೌಡಿಯೊ ಬ್ರಾವೊ ಕೈಕೊಟ್ಟಿದ್ದರು. ಒಂದೇ ಬೇಸಿಗೆಯಲ್ಲಿ ಎಲ್ಲ ಸರಿಹೋಯಿತು. ನಾಲ್ವರೂ ಹೊರಗೆ. ಕೈಲ್ ವಾಕರ್, ಬೆಂಜಮಿನ್ ಮೆಂಡಿ, ಡ್ಯಾನಿಲೊ ಒಳಗೆ, ಮೂವರಿಗೆ 12 ಕೋಟಿ ಪೌಂಡಿಗೂ ಮಿಕ್ಕಿ. ಗೋಲಿಗೆ ಎಡರ್ಸನ್, ಸುಮಾರು 3.5 ಕೋಟಿ. ಸಾಹುಕಾರ ಕ್ಲಬ್ ಕೋಚ್‌ಗೆ ಕೊಡುವ ನಿಜವಾದ ಉಡುಗೊರೆ ಇದು. ಒಳ್ಳೆಯ ಆಟಗಾರರನ್ನು ಎಲ್ಲರೂ ಲೆಕ್ಕ ಹಿಡಿಯುತ್ತಾರೆ, ತಪ್ಪು ಕೊಳ್ಳುವ ಹಕ್ಕನ್ನು ಯಾರೂ ಹಿಡಿಯುವುದಿಲ್ಲ. ಗೋಲ್‌ಕೀಪರ್ ಆಯ್ಕೆಯಲ್ಲಿ ಎಡವಿದರೆ ಸಿಟಿಗೆ ಒಂದು ವರ್ಷ ಪ್ರಶಸ್ತಿ ತಪ್ಪುತ್ತದೆ. ಸಣ್ಣ ಕ್ಲಬ್ಬಿಗೆ ದರ್ಜೆಯೇ ತಪ್ಪುತ್ತದೆ, ಅದರ ಜೊತೆಗೆ ಕೋಚ್ ಕೆಲಸವೂ.

ಈಗ ಅದೇ ಎಡ ಅಂಚಿನಲ್ಲಿ ಕೋಚ್‌ನ ಕೈಚಳಕವೂ ಕಾಣುತ್ತದೆ. ಸೆಪ್ಟೆಂಬರಿನಲ್ಲೇ ಮೆಂಡಿಯ ಮಂಡಿಯ ಲಿಗಮೆಂಟ್ ಹರಿಯಿತು. ಆ ಸೀಸನ್ ಲೀಗಿನಲ್ಲಿ ಅವರು ಆಡಿದ್ದು ಬರೀ ಏಳು ಪಂದ್ಯ. ಐದು ಕೋಟಿಗೂ ಹೆಚ್ಚು ಪೌಂಡ್ ಕೊಟ್ಟ ಜಾಗ ಖಾಲಿ. ಗ್ವಾರ್ಡಿಯೋಲಾ ಅಲ್ಲಿ ನಿಲ್ಲಿಸಿದ್ದು ಫೇಬಿಯನ್ ಡೆಲ್ಫ್ ಎಂಬ ಮಿಡ್‌ಫೀಲ್ಡರನ್ನು. ಅವರೂ ಗಾಯಗೊಂಡಾಗ ಒಲೆಕ್ಸಾಂಡರ್ ಜಿನ್‌ಚೆಂಕೊ, ರಷ್ಯಾದ ಉಫಾ ಕ್ಲಬ್ಬಿನಿಂದ ಸುಮಾರು 17 ಲಕ್ಷ ಪೌಂಡಿಗೆ ಬಂದಿದ್ದ ಹುಡುಗ, ಅವರೂ ಮೂಲತಃ ಮಿಡ್‌ಫೀಲ್ಡರೇ. ಚೆಂಡು ತಮ್ಮ ಕಡೆ ಇದ್ದಾಗ ಎಡ ಫುಲ್‌ಬ್ಯಾಕ್ ಅಂಚು ಬಿಟ್ಟು ಒಳಗೆ ಬಂದು ಫರ್ನಾಂಡಿನ್ಯೊ ಪಕ್ಕ ನಿಲ್ಲುವುದು, ಅಂಚಿನ ಗೆರೆಯನ್ನು ಪೂರ್ತಿ ಲೆರಾಯ್ ಸಾನೆಗೆ ಬಿಡುವುದು. ಚೆಂಡು ಕೈತಪ್ಪಿದರೆ ಎದುರಾಳಿಯ ಮರುದಾಳಿ ಮಧ್ಯದಲ್ಲೇ ತಡೆಯಲು ಆಗಲೇ ಒಬ್ಬ ಹೆಚ್ಚಿಗೆ ಇರುತ್ತಾನೆ. ಸಾನೆ ಆ ಸೀಸನ್ ಲೀಗಿನಲ್ಲಿ 10 ಗೋಲು ಹೊಡೆದು 15 ಹೊಡೆಸಿದರು. ಸಿಟಿ 100 ಅಂಕ ಮುಟ್ಟಿದ ಮೊದಲ ಪ್ರೀಮಿಯರ್ ಲೀಗ್ ತಂಡವಾಯಿತು. ಇದನ್ನು ದುಡ್ಡು ಮಾಡಿದ್ದಲ್ಲ. ಆದರೂ ಒಂದು ಮಾತು: ಬದಲಿಗೆ ಸಿಕ್ಕ ಡೆಲ್ಫ್ ಇಂಗ್ಲೆಂಡ್ ತಂಡದ ಆಟಗಾರ, ಸಿಟಿಯ ಬೆಂಚಿನಲ್ಲಿ ಕೂತಿದ್ದವರು. ಮಿಡ್‌ಫೀಲ್ಡರನನ್ನು ರಕ್ಷಣೆಗೆ ನಿಲ್ಲಿಸುವ ಧೈರ್ಯ ಬರುವುದೂ ಪಂದ್ಯದ ಬಹುಪಾಲು ಚೆಂಡು ನಿಮ್ಮ ಬಳಿಯೇ ಇದ್ದಾಗ.

ಇನ್ನು ಬರ್ನ್ಲಿ. ಅದೇ ಬೇಸಿಗೆಯಲ್ಲಿ ರಕ್ಷಣೆಯ ಮಧ್ಯದಲ್ಲಿ ನಿಲ್ಲುವ ಅವರ ಮುಖ್ಯ ಸೆಂಟರ್‌ಬ್ಯಾಕ್ ಮೈಕಲ್ ಕೀನ್ 2.5 ಕೋಟಿ ಪೌಂಡಿಗೆ ಎವರ್ಟನ್ ಸೇರಿದರು. ಬದಲಿಗೆ ಯಾರನ್ನೂ ಕೊಳ್ಳಲಿಲ್ಲ. ಬ್ರೆಂಟ್‌ಫರ್ಡ್‌ನಿಂದ ಸುಮಾರು 30 ಲಕ್ಷಕ್ಕೆ ತಂದು ಬೆಂಚಿನಲ್ಲಿ ಕೂರಿಸಿದ್ದ ಜೇಮ್ಸ್ ತಾರ್ಕೊವ್ಸ್ಕಿಯನ್ನು ಕೋಚ್ ಶಾನ್ ಡೈಚ್ ಕಣಕ್ಕಿಳಿಸಿದರು. ಸೆಪ್ಟೆಂಬರಿನಲ್ಲಿ ಗೋಲ್‌ಕೀಪರ್ ಟಾಮ್ ಹೀಟನ್ ಅವರ ಭುಜ ಕೀಲು ತಪ್ಪಿತು. ಚಾರ್ಲ್ಟನ್‌ನಿಂದ ಸುಮಾರು 10 ಲಕ್ಷಕ್ಕೆ ಬಂದಿದ್ದ ನಿಕ್ ಪೋಪ್ ನಿಂತರು. ಡೈಚ್ ವಿಧಾನದಲ್ಲಿ ಗುಟ್ಟೇನಿರಲಿಲ್ಲ. ನಾಲ್ವರ ಎರಡು ಸಾಲು, ಎರಡರ ನಡುವೆ ಕಡಿಮೆ ಅಂತರ, ಬಾಕ್ಸಿನ ಅಗಲಕ್ಕೆ ಕುಗ್ಗಿದ ರಕ್ಷಣೆ. ಅಂಚಿನಿಂದ ಕ್ರಾಸ್ ಬಂದರೆ ಬರಲಿ, ತಲೆ ಕೊಟ್ಟು ಹೊಡೆಯುತ್ತೇವೆ. ದೂರದಿಂದ ಹೊಡೆದರೆ ಹೊಡೆಯಲಿ, ಚೆಂಡಿಗೂ ಗೋಲಿಗೂ ನಡುವೆ ಮೂರು ಮೈ ಇವೆ. ಎಲ್ಲಿಂದ ಹೊಡೆದರು ಎಂಬುದನ್ನು ಮಾತ್ರ ನೋಡಿ, ನಡುವೆ ಯಾರು ನಿಂತಿದ್ದರು ಎಂಬುದನ್ನು ಬಿಟ್ಟ ಆಗಿನ ಅಂಕಿಅಂಶದ ಮಾದರಿಗಳು ಬರ್ನ್ಲಿಗೆ ಬರೀ ಅದೃಷ್ಟ ಎಂದವು. ಮೊದಲ ದಿನವೇ ಚಾಂಪಿಯನ್ ಚೆಲ್ಸಿಯನ್ನು ಅವರ ಮೈದಾನದಲ್ಲಿ 3–2ರಿಂದ ಸೋಲಿಸಿದರು, ಫೆಬ್ರುವರಿಯಲ್ಲಿ ಸಿಟಿಯನ್ನು ತಮ್ಮ ಮೈದಾನದಲ್ಲಿ 1–1ಕ್ಕೆ ಕಟ್ಟಿಹಾಕಿದರು. ಸೀಸನ್ ಪೂರ್ತಿ ಹೊಡೆದದ್ದು 36 ಗೋಲು ಮಾತ್ರ, ಬಿಟ್ಟುಕೊಟ್ಟದ್ದು 39. ಅಂಕ 54, ಸ್ಥಾನ ಏಳು, ಯೂರೋಪಿನ ಟೂರ್ನಿಯ ಅರ್ಹತಾ ಸುತ್ತಿಗೆ ಪ್ರವೇಶ.

ಪ್ರೀಮಿಯರ್ ಲೀಗಿನ ಆ ವರ್ಷದ ಶ್ರೇಷ್ಠ ಮ್ಯಾನೇಜರ್ ಗ್ವಾರ್ಡಿಯೋಲಾ. ನಿಮ್ಮ ಪಟ್ಟಿಯಲ್ಲಂತೂ ಡೈಚ್ ಹೆಸರೇ ಇರಲಿಲ್ಲ. 100 ಅಂಕ ದೊಡ್ಡ ಸಾಧನೆಯೇ, ಅದನ್ನು ಗೌರವಿಸಬೇಡಿ ಎನ್ನುತ್ತಿಲ್ಲ. ಆದರೆ ಕಾಲುವೆ ನೀರಿನ ಗದ್ದೆಯವನನ್ನೂ ಮಳೆ ನಂಬಿದ ಬೆದ್ದಲು ಹೊಲದವನನ್ನೂ ಒಂದೇ ಕೊಳಗದಲ್ಲಿ ಅಳೆದು, ಹೆಚ್ಚು ಬೆಳೆದವನಿಗೆ ಉತ್ತಮ ರೈತ ಪ್ರಶಸ್ತಿ ಕೊಟ್ಟರೆ ಊರಿನಲ್ಲಿ ಯಾರೂ ಒಪ್ಪುವುದಿಲ್ಲ.

ಇನ್ನು ಎದುರು ಪಕ್ಷದ ವಾದ. ಬರೀ ದುಡ್ಡೇ ಗೆಲ್ಲಿಸುವುದಾದರೆ ಮ್ಯಾಂಚೆಸ್ಟರ್ ಯುನೈಟೆಡ್ ಏಕೆ ಹೀಗಾಯಿತು? 2013ರಲ್ಲಿ ಕೋಚ್ ಫರ್ಗ್ಯುಸನ್ ಹೋದ ಮೇಲೆ ಅವರು ಒಮ್ಮೆಯೂ ಲೀಗ್ ಗೆದ್ದಿಲ್ಲ. 2012ರಲ್ಲಿ ಪುಕ್ಕಟೆ ಬಿಟ್ಟುಕೊಟ್ಟ ಪೋಗ್ಬಾ ಅವರನ್ನು 2016ರಲ್ಲಿ 8.9 ಕೋಟಿ ಪೌಂಡಿಗೆ ವಾಪಸ್ ಕೊಂಡರು. 2024–25ರಲ್ಲಿ 42 ಅಂಕ, 15ನೇ ಸ್ಥಾನ. ಚೆಲ್ಸಿಯ ಹೊಸ ಮಾಲೀಕರು 2022–23ರ ಎರಡು ವರ್ಗಾವಣೆ ಅವಧಿಗಳಲ್ಲಿ 50 ಕೋಟಿ ಪೌಂಡಿಗೂ ಹೆಚ್ಚು ಸುರಿದು 12ನೇ ಸ್ಥಾನ ಗಳಿಸಿದರು. 2021ರಲ್ಲಿ ಅವರಿಗೆ ಚಾಂಪಿಯನ್ಸ್ ಲೀಗ್ ಗೆದ್ದುಕೊಟ್ಟಿದ್ದ ಟುಖೆಲ್ 2022ರ ಸೆಪ್ಟೆಂಬರಿನಲ್ಲಿ ಹೋದರು, ಅವರ ಜಾಗಕ್ಕೆ ಬಂದ, ಬ್ರೈಟನ್‌ನಲ್ಲಿ ಹೆಸರು ಮಾಡಿದ್ದ ಗ್ರಹಾಂ ಪಾಟರ್ ಮರು ಏಪ್ರಿಲ್‌ನಲ್ಲಿ. ಪಿಎಸ್‌ಜಿ ಮೆಸ್ಸಿ, ನೇಮಾರ್, ಎಂಬಾಪೆ ಮೂವರನ್ನೂ ಒಟ್ಟಿಗೆ ಇಟ್ಟುಕೊಂಡ ಎರಡು ವರ್ಷವೂ ಚಾಂಪಿಯನ್ಸ್ ಲೀಗಿನ 16ರ ಘಟ್ಟದಲ್ಲೇ ಹೊರಬಿತ್ತು. ಮೂವರೂ ಹೋದ ಮೇಲೆ, 2025ರ ಮೇ 31ರಂದು, ಲೂಯಿಸ್ ಎನ್ರಿಕೆ ಅವರ ತಂಡ ಇಂಟರ್ ಮಿಲಾನ್ ಅನ್ನು 5–0ಯಿಂದ ಸೋಲಿಸಿ ಕಪ್ ಎತ್ತಿತು. ಹಿಂದೆ ಹೋದರೆ ಕೋಚ್ ಬ್ರಯಾನ್ ಕ್ಲಫ್ ಇದ್ದಾರೆ. 1974ರಲ್ಲಿ ಆಗಷ್ಟೇ ಚಾಂಪಿಯನ್ ಆಗಿದ್ದ ಲೀಡ್ಸ್‌ಗೆ ಹೋಗಿ 44 ದಿನ ಉಳಿದರು. ಎರಡನೇ ದರ್ಜೆಯಲ್ಲಿ ಒದ್ದಾಡುತ್ತಿದ್ದ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಬಂದು 1978ರಲ್ಲಿ ಲೀಗ್, 1979 ಮತ್ತು 1980ರಲ್ಲಿ ಯೂರೋಪಿಯನ್ ಕಪ್ (ಚಾಂಪಿಯನ್ಸ್ ಲೀಗಿನ ಹಳೆಯ ಹೆಸರು) ಗೆದ್ದರು.

ಒಪ್ಪಿದೆ. ದುಡ್ಡಿದ್ದೂ ಕೆಡಿಸುವವರಿದ್ದಾರೆ. ಅದಕ್ಕೇ ದೊಡ್ಡ ಕ್ಲಬ್ಬಿನಲ್ಲಿ ಕೆಡಿಸದೆ ಇರುವುದೂ ಒಂದು ವಿದ್ಯೆ. ಮೂರು ದಿನಕ್ಕೊಂದು ಪಂದ್ಯ, ಹತ್ತೂ ಜನ ಗೋಲಿನ ಮುಂದೆ ಗೋಡೆ ಕಟ್ಟಿ ನಿಂತ ಎದುರಾಳಿ, ಬೆಂಚಿನಲ್ಲಿ ಕೂತು ಮುಖ ಊದಿಸಿಕೊಂಡ ಅಂತರರಾಷ್ಟ್ರೀಯ ಆಟಗಾರರು. ಆಂಚೆಲೊಟ್ಟಿ ಆ ವಿದ್ಯೆಯಲ್ಲಿ ಗುರು, ಐದು ಚಾಂಪಿಯನ್ಸ್ ಲೀಗ್ ಸುಮ್ಮನೆ ಬರುವುದಿಲ್ಲ. ಆದರೆ ಅದೇ ಆಂಚೆಲೊಟ್ಟಿ 2020–21ರಲ್ಲಿ ಎವರ್ಟನ್‌ನಲ್ಲಿ 59 ಅಂಕಗಳೊಂದಿಗೆ 10ನೇ ಸ್ಥಾನ ಪಡೆದರು, ಮರುವರ್ಷ ರಿಯಲ್ ಮ್ಯಾಡ್ರಿಡ್‌ಗೆ ಹೋಗಿ ಲೀಗ್ ಮತ್ತು ಚಾಂಪಿಯನ್ಸ್ ಲೀಗ್ ಎರಡನ್ನೂ ಗೆದ್ದರು. ಎವರ್ಟನ್ ಬಡ ಕ್ಲಬ್ ಕೂಡ ಆಗಿರಲಿಲ್ಲ. ಕ್ರಿಸ್ಟೋಫ್ ಗಾಲ್ಟಿಯೆ ಪ್ರಕರಣ ಇನ್ನೂ ಸ್ಪಷ್ಟ. 2021ರಲ್ಲಿ ಲಿಲ್ ತಂಡದೊಂದಿಗೆ ಪಿಎಸ್‌ಜಿಯನ್ನು ಒಂದು ಅಂಕದಿಂದ ಹಿಂದಿಕ್ಕಿ ಫ್ರೆಂಚ್ ಲೀಗ್ ಗೆದ್ದಾಗ ಹೊತ್ತು ಮೆರೆಸಿದರು. 2023ರಲ್ಲಿ ಪಿಎಸ್‌ಜಿಯೊಂದಿಗೆ ಅದೇ ಲೀಗನ್ನು, ಲಾನ್ಸ್ ತಂಡಕ್ಕಿಂತ ಒಂದೇ ಅಂಕ ಮುಂದಿದ್ದು ಗೆದ್ದಾಗ ಕೆಲಸದಿಂದ ತೆಗೆದರು. ಅದೇ ಮನುಷ್ಯ, ಅದೇ ಕಪ್, ಅದೇ ಒಂದು ಅಂಕ. ಪಿಎಸ್‌ಜಿ ಆಡಳಿತಕ್ಕೆ ದುಡ್ಡಿನ ಲೆಕ್ಕ ಚೆನ್ನಾಗಿ ಗೊತ್ತಿತ್ತು: ಆ ಸಂಬಳಕ್ಕೆ ಆ ಕಪ್ ಸಾಲದು. ಮಾಲೀಕರಿಗೆ ಗೊತ್ತಿರುವ ಲೆಕ್ಕ ಮತದಾರರಿಗೆ ಏಕೆ ಗೊತ್ತಿರಬಾರದು?

ಲೆಕ್ಕ ಹಾಕುವುದು ಹೇಗೆ ಎಂದು ಕೇಳಬಹುದು. ಕಷ್ಟವೇನಿಲ್ಲ, ಆದರೆ ಗುಂಡಿಗಳಿವೆ. ಇಂಗ್ಲೆಂಡಿನ ಕ್ಲಬ್‌ಗಳು ಲೆಕ್ಕಪತ್ರವನ್ನು ಸರ್ಕಾರಿ ಕಂಪನಿ ನೋಂದಣಿ ಕಚೇರಿಗೆ ಸಲ್ಲಿಸುತ್ತವೆ, ಯಾರು ಬೇಕಾದರೂ ತೆಗೆದು ನೋಡಬಹುದು. ಫ್ರಾನ್ಸಿನಲ್ಲಿ ಲೀಗಿನ ಹಣಕಾಸು ನಿಯಂತ್ರಣ ಸಂಸ್ಥೆ ಕ್ಲಬ್‌ವಾರು ಲೆಕ್ಕ ಪ್ರಕಟಿಸುತ್ತದೆ. ಸ್ಪೇನಿನ ಲಾ ಲಿಗಾ ಪ್ರತಿ ಕ್ಲಬ್ ತಂಡಕ್ಕೆ ಎಷ್ಟು ಖರ್ಚು ಮಾಡಬಹುದೆಂಬ ಮಿತಿಯನ್ನೇ ಪ್ರಕಟಿಸುತ್ತದೆ. ಇಂಗ್ಲೆಂಡಿನಲ್ಲಿ ಜೂನ್ ಕೊನೆಗೆ ವರ್ಷ ಮುಗಿಸುವ ಖಾಸಗಿ ಕಂಪನಿಗೆ ಸಲ್ಲಿಕೆಗೆ ಒಂಬತ್ತು ತಿಂಗಳ ಗಡುವಿರುವುದರಿಂದ, ನೀವು ಮತ ಹಾಕುವ ಹೊತ್ತಿಗೆ ಆಗಷ್ಟೇ ಮುಗಿದ ಸೀಸನ್ನಿನ ಅಂಕಿ ಕೈಗೆ ಬಂದಿರುವುದಿಲ್ಲ. ಚಿಂತೆಯಿಲ್ಲ, ಹಿಂದಿನ ವರ್ಷದ್ದೇ ಒಳ್ಳೆಯದು. ಗೆದ್ದ ವರ್ಷದ ಸಂಬಳದಲ್ಲಿ ಗೆಲುವಿನ ಬೋನಸ್ಸೂ ಸೇರಿ ಅಂಕಿ ಉಬ್ಬಿರುತ್ತದೆ. ಲೆಸ್ಟರ್ ಗೆಲ್ಲುವ ಹಿಂದಿನ ವರ್ಷ ಸುಮಾರು 5.7 ಕೋಟಿ ಪೌಂಡ್ ಇದ್ದದ್ದು ಗೆದ್ದ ವರ್ಷ 8 ಕೋಟಿಯಾಯಿತು. ಆ 8 ಕೋಟಿಯನ್ನು ಹಿಡಿದರೆ ಗೆಲುವೇ ಗೆಲುವಿಗೆ ಕಾರಣ ಎಂದಂತಾಗುತ್ತದೆ.

ಸಂಬಳವನ್ನು ಅಂಕದಿಂದ ಭಾಗಿಸಿ 'ಅಂಕಕ್ಕೆ ಇಷ್ಟು ಪೌಂಡ್' ಎಂದು ತೋರಿಸುವವರಿದ್ದಾರೆ. ಅದನ್ನು ನಂಬಬೇಡಿ. ಮೊದಲ 40 ಅಂಕ ಅಗ್ಗ, 80ರಿಂದ 90ಕ್ಕೆ ಏರುವುದು ದುಬಾರಿ, ಹಾಗಾಗಿ ಆ ಭಾಗಾಕಾರದಲ್ಲಿ ಸಣ್ಣ ಕ್ಲಬ್ ಯಾವಾಗಲೂ ಚೆಂದ ಕಾಣುತ್ತದೆ. ಸರಿಯಾದ ದಾರಿ ಎಂದರೆ ಲೀಗಿನ ಕ್ಲಬ್‌ಗಳನ್ನು ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿ, ಮುಗಿಸಿದ ಸ್ಥಾನದ ಪಕ್ಕಕ್ಕೆ ಇಡುವುದು. ಮೂರು ವರ್ಷದ್ದು ಒಟ್ಟಿಗೆ ನೋಡುವುದು. ಡೈಚ್ ವಿಷಯದಲ್ಲೂ ಇದು ಬೇಕು: ಏಳನೇ ಸ್ಥಾನದ ಮರುವರ್ಷ, ಜುಲೈನಲ್ಲೇ ಶುರುವಾದ ಯೂರೋಪಿನ ಅರ್ಹತಾ ಪಂದ್ಯಗಳಲ್ಲಿ ಸಣ್ಣ ತಂಡ ಬಳಲಿ, 68 ಗೋಲು ಹೊಡೆಸಿಕೊಂಡು 15ನೇ ಸ್ಥಾನಕ್ಕೆ ಜಾರಿತು. ಸಾಲಿನಲ್ಲಿ ಮೊದಲೇ ಮೇಲಿರುವ ಸಿಟಿಯಂಥವರಿಗೆ ಸ್ಥಾನದಲ್ಲಿ ಏರಲು ಜಾಗವಿಲ್ಲ. ಅವರಿಗೆ ಅಂಕ ನೋಡಿ: ಚಾಂಪಿಯನ್ ಸಾಮಾನ್ಯವಾಗಿ 80ರ ಕೊನೆಯಲ್ಲೋ 90ರ ಆಸುಪಾಸಿನಲ್ಲೋ ಇರುವಾಗ 100 ಎಂದರೆ ಆ ಹೆಚ್ಚಿನ ಹತ್ತು ಹದಿನೈದು ಅಂಕ ಗ್ವಾರ್ಡಿಯೋಲಾ ಲೆಕ್ಕಕ್ಕೆ ಧಾರಾಳವಾಗಿ ಬರೆಯಿರಿ.

'ನೆಟ್ ಸ್ಪೆಂಡ್', ಅಂದರೆ ಆಟಗಾರರನ್ನು ಕೊಂಡ ಖರ್ಚಿನಲ್ಲಿ ಮಾರಿದ ದುಡ್ಡು ಕಳೆದದ್ದು, ಎಂಬ ಮಂತ್ರವನ್ನೂ ದಯವಿಟ್ಟು ಬಿಡಿ. ಲಿವರ್‌ಪೂಲ್ ಕೋಚ್ ಆಗಿದ್ದ ಕ್ಲಾಪ್ ಅವರ ಅಭಿಮಾನಿಗಳು ಇದನ್ನು ಬಹಳ ಜಪಿಸಿದರು. ಕುಟಿನ್ಯೊ ಅವರನ್ನು ಬಾರ್ಸಿಲೋನಾಗೆ ಮಾರಿದ ದುಡ್ಡಿನ ಬಲದಿಂದಲೇ 7.5 ಕೋಟಿಯ ವಾನ್ ಡೈಕ್, 6.5 ಕೋಟಿಯ ಅಲಿಸನ್ ಬಂದರು ಎನ್ನುವುದು ನಿಜ, ಆ ವ್ಯಾಪಾರ ಜಾಣತನದ್ದೇ. ಆದರೆ 2018–19ರಲ್ಲಿ ಲಿವರ್‌ಪೂಲ್ ಸಂಬಳದ ಬಾಬ್ತು ಸುಮಾರು 31 ಕೋಟಿ ಪೌಂಡ್, ಸಿಟಿಯದು 31.5 ಕೋಟಿ. ಬಡವ–ಸಾಹುಕಾರರ ಕಾದಾಟ ಎಂದು ನೋಡಿದ್ದು ಇಬ್ಬರು ಸಾಹುಕಾರರದ್ದೇ ಆಗಿತ್ತು. ಕ್ಲಾಪ್ ಅವರ ನಿಜವಾದ ಅದ್ಭುತ ಡಾರ್ಟ್‌ಮುಂಡ್‌ನದು, ಬಯರ್ನ್ ದುಡ್ಡಿನ ಎದುರು 2011, 2012ರಲ್ಲಿ ಸತತ ಎರಡು ಲೀಗ್.

ಈ ಲೆಕ್ಕದಲ್ಲಿ ಥಟ್ಟನೆ ಮೇಲೆ ಬರುವ ಹೆಸರು ನಿಮ್ಮ ಪ್ರಶಸ್ತಿ ಸಿಗದೇ ಹೋದ ಮೌರಿಸಿಯೊ ಪೊಚೆಟಿನೊ. 2017–18ರಲ್ಲಿ ಟಾಟನ್‌ಹ್ಯಾಮ್ ಸಂಬಳ ಸುಮಾರು 14.8 ಕೋಟಿ ಪೌಂಡ್, ಲೀಗಿನಲ್ಲಿ ಆರನೆಯದು, ಮೇಲಿನ ಐವರೂ 22 ಕೋಟಿ ದಾಟಿದವರು. ಸತತ ನಾಲ್ಕು ಸೀಸನ್ ಅವರು ಮುಗಿಸಿದ್ದು 3, 2, 3, 4. ಅದರಲ್ಲಿ ಒಂದು ವರ್ಷ ಪೂರ್ತಿ, ಮರುವರ್ಷದ ಬಹುಪಾಲು ಸ್ವಂತ ಮೈದಾನವಿಲ್ಲದೆ ವೆಂಬ್ಲಿಯಲ್ಲಿ ಆಡಿದರು. 2018–19ರಲ್ಲಿ ಎರಡೂ ವರ್ಗಾವಣೆ ಅವಧಿಯಲ್ಲಿ ಒಬ್ಬರನ್ನೂ ಕೊಳ್ಳದೆ ಚಾಂಪಿಯನ್ಸ್ ಲೀಗ್ ಫೈನಲ್ ಮುಟ್ಟಿದರು. 2019ರ ನವೆಂಬರಿನಲ್ಲಿ ಕೆಲಸ ಹೋಯಿತು, ಕೈಯಲ್ಲಿ ಕಪ್ ಇರಲಿಲ್ಲವಾದ್ದರಿಂದ ಎಲ್ಲರೂ 'ಗೆಲ್ಲಲು ಬಾರದವ' ಎಂದರು. ಮುಂದೆ ಪಿಎಸ್‌ಜಿಯಲ್ಲಿ ಲೀಗ್ ಗೆದ್ದರು, ಅದಕ್ಕೆ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಹೊಡೆಯದಿದ್ದದ್ದು ಸರಿಯೇ. ಟಾಟನ್‌ಹ್ಯಾಮ್‌ನ ನಾಲ್ಕು ವರ್ಷಕ್ಕೆ ಹೊಡೆಯದೇ ಇದ್ದದ್ದು ತಪ್ಪು.

ಇನ್ನೊಂದು ಎಚ್ಚರಿಕೆ. ಸಂಬಳಕ್ಕಿಂತ ಮೇಲೆ ಮುಗಿಸಿದ್ದೆಲ್ಲ ಕೋಚ್‌ನ ಪ್ರತಾಪವೇ ಆಗಬೇಕಿಲ್ಲ. ಬ್ರೈಟನ್‌ನಲ್ಲಿ ಪಾಟರ್ ಒಂಬತ್ತನೇ ಸ್ಥಾನ ತಂದರು. ಅವರು ಹೋದ ಮೇಲೆ ಡಿ ಜೆರ್ಬಿ ಆರನೇ ಸ್ಥಾನ ತಂದರು. ಅವರೂ ಹೋದ ಮೇಲೆ, ಆಗಷ್ಟೇ ಮೂವತ್ತು ದಾಟಿದ್ದ ಹುರ್ಜೆಲರ್ ಎಂಟನೇ ಸ್ಥಾನ ತಂದರು. ಕೋಚ್ ಬದಲಾದರೂ ಫಲ ಬದಲಾಗದಿದ್ದರೆ ಬೇರು ಬೇರೆಲ್ಲೋ ಇದೆ ಎಂದರ್ಥ. ಅಲ್ಲಿ ಅದು ಮಾಲೀಕ ಟೋನಿ ಬ್ಲೂಮ್ ಕಟ್ಟಿದ ಆಟಗಾರರ ಹುಡುಕಾಟದ ವ್ಯವಸ್ಥೆ. 45 ಲಕ್ಷ ಪೌಂಡಿಗೆ ಹತ್ತಿರದಲ್ಲಿ ತಂದ ಕೈಸೆಡೊ ಅವರನ್ನು 10 ಕೋಟಿಗೂ ಮೇಲೆ ಚೆಲ್ಸಿಗೆ ಮಾರಿದ ಜಾಣರು ಅವರು. ಲೆಸ್ಟರ್‌ನಲ್ಲೂ ಕಾಂಟೆ, ಮಾರೆಜ್ ಅವರನ್ನು ಗುರುತಿಸಿದ್ದರಲ್ಲಿ, ಕ್ಲಬ್ಬಿಗೆ ಆಟಗಾರರನ್ನು ಹುಡುಕುತ್ತಿದ್ದ ಸ್ಟೀವ್ ವಾಲ್ಶ್ ಪಾಲು ದೊಡ್ಡದು. ಅವರಿಗೆ ಪ್ರಶಸ್ತಿಯೂ ಇಲ್ಲ, ವೇದಿಕೆಯೂ ಇಲ್ಲ.

ಇಷ್ಟೆಲ್ಲ ಬರೆದ ಮೇಲೆ ಬೇಡಿಕೆ ಸಣ್ಣದು. ಫಿಫಾ ಕಳಿಸುವ ಪಟ್ಟಿಯಲ್ಲಿ ಪ್ರತಿ ಕ್ಲಬ್ ಕೋಚ್ ಹೆಸರಿನ ಎದುರು ನಾಲ್ಕು ಅಂಕಿ ಅಚ್ಚಾಗಲಿ: ಹಿಂದಿನ ವರ್ಷದ ಸಂಬಳದ ಬಾಬ್ತು, ಅದರ ಪ್ರಕಾರ ತಮ್ಮ ಲೀಗಿನಲ್ಲಿ ಕ್ಲಬ್ ಎಷ್ಟನೆಯದು, ಮುಗಿಸಿದ ಸ್ಥಾನ, ಆ ಕೋಚ್ ಬಂದು ಎಷ್ಟು ಸೀಸನ್ ಆಯಿತು. ಪಟ್ಟಿ ಮಾಡುವ ತಜ್ಞರ ಸಮಿತಿ, ಚಾಂಪಿಯನ್ಸ್ ಲೀಗಿನ ಕೊನೆಯ ಘಟ್ಟ ಕಾಣದ ಕ್ಲಬ್ಬಿನಿಂದಲೂ ಒಂದಿಬ್ಬರನ್ನು ಸೇರಿಸಲಿ. ಇಂಥವರು ಪಟ್ಟಿಗೇ ಬರದಿದ್ದರೆ ಮತದಾರ ಏನು ಮಾಡಿಯಾನು? ಬಂದಾಗಲೂ ನಾವು ಏನು ಮಾಡಿದೆವು ಎಂಬುದು ಬೇರೆ ಮಾತು. 2024ರ ಅಂತಿಮ ಐವರಲ್ಲಿ ಕ್ಸಾಬಿ ಅಲೊನ್ಸೊ ಇದ್ದರು. ಲೆವರ್‌ಕುಸೆನ್ ತಂಡವನ್ನು 34 ಪಂದ್ಯಗಳಲ್ಲಿ ಒಂದೂ ಸೋಲದೆ, 28 ಗೆದ್ದು, 90 ಅಂಕಗಳೊಂದಿಗೆ ಅದರ ಮೊಟ್ಟಮೊದಲ ಬುಂಡೆಸ್‌ಲೀಗಾಕ್ಕೆ ಒಯ್ದಿದ್ದರು. ಬಯರ್ನ್ ಮೂರನೆಯದಾಗಿ ಮುಗಿಸಿತ್ತು. ಪ್ರಶಸ್ತಿ ರಿಯಲ್ ಮ್ಯಾಡ್ರಿಡ್‌ನ ಆಂಚೆಲೊಟ್ಟಿಯವರಿಗೆ ಹೋಯಿತು.

ಭಾರತದಿಂದ ಮತ ಹಾಕುವ ನಾಯಕರು, ಕೋಚ್, ಪತ್ರಕರ್ತರಲ್ಲಿ ಒಂದು ವಿಶೇಷ ವಿನಂತಿ. ನಿಮ್ಮ ಮೂರು ಆಯ್ಕೆಗಳಲ್ಲಿ ಒಂದನ್ನಾದರೂ ಈ ಲೆಕ್ಕ ಹಾಕಿ ನೋಡಿ ಬರೆಯಿರಿ, ಏಕೆ ಬರೆದಿರೆಂದು ನಿಮ್ಮ ಓದುಗರಿಗೂ ಅಭಿಮಾನಿಗಳಿಗೂ ತಿಳಿಸಿ. ನಮ್ಮಂಥ ಮೊಬೈಲ್ ಮತದಾರರು ಮುಂದಿನ ಸಲ 5 ಅಂಕವನ್ನು ಪ್ರೀತಿಯ ಕ್ಲಬ್ಬಿಗೇ ಕೊಡೋಣ, ಬೇಡವೆಂದರೂ ಕೇಳುವವರಲ್ಲ. 3 ಅಂಕದ ಜಾಗದಲ್ಲಿ ಮಾತ್ರ, ಸಂಬಳದ ಸಾಲಿನಲ್ಲಿ ಹತ್ತರ ಕೆಳಗಿದ್ದು ಆರರೊಳಗೆ ಮುಗಿಸಿದ ಒಬ್ಬ ಕೋಚ್‌ನ ಹೆಸರು ಹುಡುಕಿ ಒತ್ತಿ.

ಇಂತಿ ತಮ್ಮ ವಿಶ್ವಾಸಿ,
ಕ್ಲಬ್ಬಿನ ಲೆಕ್ಕಪತ್ರವನ್ನೂ ಓದುವ ಒಬ್ಬ ಫುಟ್‌ಬಾಲ್ ಅಭಿಮಾನಿ,
ಬೆಂಗಳೂರು